ಕೆರೆ, ನೀರು, ನೆಲದ ಮಾತನ್ನು ಇಂಗ್ಲಿಷಿನಲ್ಲಿ ಆಡಲು ಪದಗಳನ್ನು ಕಲಿಯುವುದು ಹೇಗೆ?

ಪ್ರಶ್ನೆ: ಜಗಳೂರು ಸೀಮೆಯವಳು

ಬಲ್ಲವರೆಲ್ಲರಿಗೂ ನಮಸ್ಕಾರಗಳು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿಯೇ ಓದಿ, ಅನಂತರ ದಾವಣಗೆರೆಯಲ್ಲಿ ಸಮಾಜಕಾರ್ಯ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು, ಕಳೆದ ಒಂದೂವರೆ ವರ್ಷದಿಂದ ಕೆರೆಗಳ ಹೂಳೆತ್ತಿಸುವ ಮತ್ತು ಕೆರೆ ಬಳಕೆದಾರರ ಸಂಘಗಳನ್ನು ಕಟ್ಟುವ ಒಂದು ಚಿಕ್ಕ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ರೈತರೊಡನೆ ಮಾತನಾಡುವುದು ನನಗೆ ನೀರು ಕುಡಿದಷ್ಟು ಸುಲಭ. ತೊಡಕು ಇರುವುದು ಹೊರಗಿನಿಂದ ಬರುವ ಅತಿಥಿಗಳೊಡನೆ ಇಂಗ್ಲಿಷಿನಲ್ಲಿ ಮಾತನಾಡಬೇಕಾದಾಗ.

ಹೋದ ತಿಂಗಳು ವಿದೇಶದಿಂದ ಇಬ್ಬರು ನಮ್ಮ ಕೆಲಸ ನೋಡಲು ಬಂದಿದ್ದರು. ಕೆರೆ ಏರಿಯ ಮೇಲೆ ನಿಂತು ನಾನು, ನಮ್ಮೂರ 'ಟ್ಯಾಂಕ್' ಪಾಳೇಗಾರರ ಕಾಲದ್ದು ಎಂದು ಹೇಳಿದೆ. ಆ ಅತಿಥಿ ಹೆಂಗಸು ಶಾಲೆಯ ಪಕ್ಕದಲ್ಲಿರುವ ಸಿಮೆಂಟಿನ ಓವರ್‌ಹೆಡ್ ಟ್ಯಾಂಕನ್ನು ಬೆರಗಿನಿಂದ ನೋಡಿ, ಅಷ್ಟು ಹಳೆಯದಾದರೂ ಎಷ್ಟು ಗಟ್ಟಿಯಾಗಿದೆ ಎಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅದರ ಬೆನ್ನಿಗೇ ಅವರು, ಈ ಕೆರೆಯ 'ಕ್ಯಾಚ್‌ಮೆಂಟ್', ಅಂದರೆ ಕೆರೆಗೆ ನೀರು ಕೊಡುವ ನೆಲ, ಕಳೆದ ಇಪ್ಪತ್ತು ವರ್ಷಗಳಲ್ಲಿ ಹೇಗೆ ಬದಲಾಗಿದೆ ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿಹೋಯಿತು. ಕೆರೆಗೆ ಬರುವ ಹಳ್ಳವನ್ನು ಯಾರು ಎಲ್ಲಿ ಒತ್ತುವರಿ ಮಾಡಿದ್ದಾರೆ, ಮೇಲಿನ ಗುಡ್ಡದ ಕುರುಚಲು ಹೋಗಿ ಎಲ್ಲಿ ಮೆಕ್ಕೆಜೋಳ ಬಂತು, ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ ಯಾವ ವರ್ಷದಿಂದ ಹಬ್ಬಿತು ಎಂಬುದೆಲ್ಲ ನನಗೆ ಅಂಗೈ ಗೆರೆಯಂತೆ ಗೊತ್ತು. ಗೊತ್ತಿದ್ದದ್ದನ್ನು ಹೇಳಲಾಗದೆ ನಿಂತದ್ದು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಆ ಬಳಿಕ ಪರಿಸರದ ಇಂಗ್ಲಿಷ್ ಪದಗಳ ಒಂದು ಪುಸ್ತಕ ಕೊಂಡು ದಿನಕ್ಕೆ ಇಪ್ಪತ್ತರಂತೆ ಬಾಯಿಪಾಠ ಮಾಡಿದೆ. ಅದರಲ್ಲಿ ಹಿಮಕರಡಿ, ಓಝೋನ್ ಪದರ, ಕರಗುವ ನೀರ್ಗಲ್ಲುಗಳ ಮಾತು ಬೇಕಾದಷ್ಟಿದೆ. ತೂಬು, ಕೋಡಿ, ಹೂಳು, ಅಚ್ಚುಕಟ್ಟು ಇವುಗಳಲ್ಲಿ ಒಂದಕ್ಕೂ ಪದವಿಲ್ಲ. ಕಲಿತ ಪದಗಳೂ ಬಳಸುವ ಸಂದರ್ಭ ಬಾರದೆ ವಾರದೊಳಗೆ ಮರೆತುಹೋಗುತ್ತಿವೆ. ಇನ್ನೊಂದು ಗೊಂದಲವೆಂದರೆ, ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಮೂರು ಪದಗಳಿರುವುದು. ಯಾವುದನ್ನು ಎಲ್ಲಿ ಹಾಕಬೇಕೆಂದು ತಿಳಿಯುವುದಿಲ್ಲ. ಈ ದಾರಿಯಲ್ಲಿ ಮೊದಲೇ ನಡೆದವರು ಯಾರಾದರೂ ಇದ್ದರೆ, ಎಲ್ಲಿಂದ ಶುರು ಮಾಡಬೇಕೆಂದು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ದುರ್ಗದ ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ತಂಗಿ, ಮೊದಲು ಆ 'ಟ್ಯಾಂಕ್' ವಿಚಾರದಲ್ಲಿ ನಾಚಿಕೆ ಬಿಡಿ, ಏಕೆಂದರೆ ತಪ್ಪು ನಿಮ್ಮದಲ್ಲ. ಆ ಪದ 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಸೇರಿದ್ದೇ ನಮ್ಮ ದೇಶದ ಕೆರೆ ಕುಂಟೆಗಳ ಅರ್ಥದಲ್ಲಿ. ಗುಜರಾತಿನ ಕಡೆಯ ಮಾತೊಂದು ಪೋರ್ಚುಗೀಸರ ಬಾಯಿಗೆ ಬಿದ್ದು ಅಲ್ಲಿಂದ ಇಂಗ್ಲಿಷಿಗೆ ದಾಟಿತೆಂದು ನಿಘಂಟುಗಳು ಹೇಳುತ್ತವೆ. ನೀರು ತುಂಬಿಡುವ ತೊಟ್ಟಿ ಎಂಬ ಅರ್ಥ ಅದಕ್ಕೆ ಬಂದದ್ದು ಆಮೇಲೆ. ಅಂದರೆ ಆ ಪದದ ಹಳೆಯ ಮನೆಯಲ್ಲಿ ನಿಂತು ಮಾತನಾಡಿದವರು ನೀವು, ಹೊಸ ಮನೆಯ ಅರ್ಥ ಮಾಡಿಕೊಂಡವರು ಆ ಅತಿಥಿ. ಮುಂದಿನ ಸಲ 'ಇರಿಗೇಷನ್ ಟ್ಯಾಂಕ್' ಎನ್ನಿ, ಅಥವಾ ಮೊದಲ ಸಲ 'ಎ ಸ್ಮಾಲ್ ಮ್ಯಾನ್‌ಮೇಡ್ ಲೇಕ್' ಎಂದು ಹೇಳಿ, ಆಮೇಲೆ 'ಟ್ಯಾಂಕ್' ಎಂದೇ ಮುಂದುವರಿಸಿ.

ಪದಪಟ್ಟಿಯ ಪುಸ್ತಕವನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಅಕಾರಾದಿಯಲ್ಲಿ ಕಲಿತ ಪದ ಅಕಾರಾದಿಯಲ್ಲಿಯೇ ಉಳಿಯುತ್ತದೆ. ನೀವು ಮಾತನಾಡುವುದು ಆ ಕ್ರಮದಲ್ಲಿ ಅಲ್ಲ. ನೀರು ಹರಿಯುವ ದಾರಿಯಲ್ಲಿಯೇ ಪದಗಳನ್ನೂ ಕಲಿಯಿರಿ. ಗುಡ್ಡದ ಮೇಲೆ ಮಳೆ ಬೀಳುತ್ತದೆ. ಅದರಲ್ಲಿ ಒಂದು ಪಾಲು ನೆಲದ ಮೇಲೆಯೇ ಹರಿದು ಬರುತ್ತದೆ, ಅದು 'ರನ್‌ಆಫ್'. ಇನ್ನೊಂದು ಪಾಲು ಮಣ್ಣಿನೊಳಗೆ ಇಂಗುತ್ತದೆ. ನಮ್ಮ 'ಇಂಗುವುದು' ಎಂಬ ಚಂದದ ಕ್ರಿಯಾಪದಕ್ಕೆ ಮಾತಿನಲ್ಲಿ 'ಸೋಕ್ ಇನ್' ಎಂದೂ ವರದಿಯಲ್ಲಿ 'ಇನ್‌ಫಿಲ್ಟ್ರೇಟ್' ಎಂದೂ ಎರಡು ಉಡುಪುಗಳಿವೆ. ಇಂಗಿದ ನೀರು ಕೆಳಗಿನ ಜಲಪದರವನ್ನು ಸೇರಿದರೆ ಅದು 'ರೀಚಾರ್ಜ್', ಆ ಪದರವೇ 'ಆ್ಯಕ್ವಿಫರ್', ಆ ನೀರಿನ ಮೇಲ್ಮಟ್ಟ 'ವಾಟರ್ ಟೇಬಲ್'. ಈ ಕೊನೆಯದನ್ನು ಕೇಳಿ ನನ್ನ ವಿದ್ಯಾರ್ಥಿಯೊಬ್ಬ ಮೇಜಿನ ಚಿತ್ರ ಬರೆದಿದ್ದ. ಆ ವರ್ಷ ಇಡೀ ತರಗತಿಯಲ್ಲಿ ಆ ಪದವನ್ನು ಯಾರೂ ಮರೆಯಲಿಲ್ಲ. ಹರಿದು ಬಂದ ನೀರು 'ಫೀಡರ್ ಚಾನೆಲ್' ಹಿಡಿದು ಕೆರೆಗೆ ಬರುತ್ತದೆ, ತನ್ನೊಡನೆ 'ಸಿಲ್ಟ್' ಅಂದರೆ ಹೂಳನ್ನು ತರುತ್ತದೆ, 'ಬಂಡ್' ಅಂದರೆ ಏರಿ ಅದನ್ನು ತಡೆಯುತ್ತದೆ, 'ಸ್ಲೂಸ್' ಅಂದರೆ ತೂಬು ಅದನ್ನು ಗದ್ದೆಗೆ ಬಿಡುತ್ತದೆ, ಹೆಚ್ಚಾದದ್ದು 'ವೇಸ್ಟ್ ವಿಯರ್' ಅಂದರೆ ಕೋಡಿಯ ಮೇಲೆ ಹೊರಟುಹೋಗುತ್ತದೆ.

ಹೀಗೆ ಒಮ್ಮೆ ನಮ್ಮ ಕೋಟೆಯನ್ನೂ ಸುತ್ತಿ ನೋಡಿ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ, ಕೆಳಗೆ ಸಿಹಿನೀರು ಹೊಂಡ, ಊರೊಳಗೆ ಸಂತೆ ಹೊಂಡ, ಹೀಗೆ ಮೇಲಿನದು ತುಂಬಿ ಕೆಳಗಿನದಕ್ಕೆ ಹರಿಯುವಂತೆ ಪಾಳೇಗಾರರ ಕಾಲದಲ್ಲಿ ಮಾಡಿದ ಏರ್ಪಾಡಿಗೆ ಇಂಗ್ಲಿಷಿನಲ್ಲಿ 'ಕ್ಯಾಸ್ಕೇಡ್' ಎಂಬ ಪದವಿದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹೋಗುವ ಸರಪಣಿಗೂ 'ಟ್ಯಾಂಕ್ ಕ್ಯಾಸ್ಕೇಡ್' ಎಂದೇ ಹೆಸರು. ಬಂಡೆಯ ಮೇಲೆ ನಿಂತು ಈ ಪದವನ್ನು ಒಮ್ಮೆ ಹೇಳಿಕೊಂಡವರಿಗೆ ಅದು ಮತ್ತೆ ಮರೆಯುವುದಿಲ್ಲ.

ಇನ್ನು ಒಂದು ಕನ್ನಡ ಪದ ಇಂಗ್ಲಿಷಿನಲ್ಲಿ ಒಡೆದು ಎರಡಾಗುವ ನಿಮ್ಮ ಗೊಂದಲ. ನನ್ನ ಮಟ್ಟಿಗೆ ಕಲಿಕೆಯ ತಿರುಳು ಇಲ್ಲಿಯೇ ಇದೆ, ಆದ್ದರಿಂದ ಸ್ವಲ್ಪ ಹೆಚ್ಚು ಬರೆಯುತ್ತೇನೆ. 'ಹವಾಮಾನ' ಎಂಬ ಒಂದೇ ಪದದಿಂದ ನಮ್ಮ ಪತ್ರಿಕೆಗಳು ನಾಳೆಯ ಮಳೆಯನ್ನೂ ನೂರು ವರ್ಷಗಳ ಬದಲಾವಣೆಯನ್ನೂ ಹೇಳಿಬಿಡುತ್ತವೆ. ಇಂಗ್ಲಿಷಿನಲ್ಲಿ ಇವತ್ತು ನಾಳೆಯದು 'ವೆದರ್', ಹತ್ತಾರು ವರ್ಷಗಳ ಸರಾಸರಿಯ ಸ್ವಭಾವ 'ಕ್ಲೈಮೇಟ್'. ನಮ್ಮಲ್ಲಿಯೂ ಎರಡನೆಯದಕ್ಕೆ 'ಹವಾಗುಣ' ಎಂಬ ಒಳ್ಳೆಯ ಪದವಿದೆ, ಬಳಸುವವರು ಕಡಿಮೆಯಾಗಿದ್ದಾರೆ ಅಷ್ಟೆ. ಈ ಬಾರಿ ಮಳೆ ತಡವಾಯಿತೆಂದು ಹೇಳುವಾಗ 'ಕ್ಲೈಮೇಟ್' ಎಂದರೆ ಕೇಳುವವರು ಹುಬ್ಬೇರಿಸುತ್ತಾರೆ.

'ಬರ' ಇನ್ನೊಂದು. 1876ರಿಂದ 1878ರವರೆಗಿನ ಧಾತು ಈಶ್ವರ ಬರದಲ್ಲಿ ಜನ ಹಸಿದು ಸತ್ತರು, ಅದು 'ಫ್ಯಾಮಿನ್'. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತು, ಬೆಳೆ ಹೋಯಿತು, ಬೋರುಗಳು ಬತ್ತಿದವು, ಆದರೆ ಪಡಿತರವಿತ್ತು, ಅದು 'ಡ್ರೌಟ್'. ಈ ಎರಡನ್ನು ಬದಲಿಸಿ ಹೇಳಿದರೆ ಅರ್ಥ ಕೆಡುವುದಷ್ಟೇ ಅಲ್ಲ, ಸುದ್ದಿಯೇ ಸುಳ್ಳಾಗುತ್ತದೆ. ಉಚ್ಚಾರ 'ಡ್ರೌಟ್' ಎಂದೇ. 'ಡ್ರಾಫ್ಟ್' ಎಂದು ಓದುವ ಪದದ ಕಾಗುಣಿತ ಹೆಚ್ಚುಕಡಿಮೆ ಇದರಂತೆಯೇ ಇರುವುದರಿಂದ ಮೋಸ ಹೋಗಬೇಡಿ. ಬಿತ್ತನೆಯಾದ ಮೇಲೆ ಎರಡು ಮೂರು ವಾರ ಮಳೆ ಬಿಡುವು ಕೊಟ್ಟರೆ ಅದು ಇನ್ನೂ ಬರವಲ್ಲ, 'ಡ್ರೈ ಸ್ಪೆಲ್'. ಮಳೆ ಕೈಕೊಟ್ಟಿತು ಎನ್ನಲು 'ದಿ ರೇನ್ಸ್ ಫೇಲ್ಡ್' ಎನ್ನುತ್ತಾರೆ. ಎಣಿಕೆಗೆ ಸಿಗದ ಮಳೆ ಇಲ್ಲಿ ಬಹುವಚನದಲ್ಲಿ ಬಂದಿರುವುದನ್ನು ಗಮನಿಸಿ.

'ಮರುಬಳಕೆ'ಯಂತೂ ಇಂದು ಎರಡು ಬೇರೆ ಬೇರೆ ಕೆಲಸಗಳನ್ನು ಹೊತ್ತು ಬಳಲಿದೆ. ಹಾರ್ಲಿಕ್ಸ್ ಬಾಟಲಿಯನ್ನು ತೊಳೆದು ಅದರಲ್ಲಿ ನಿಮ್ಮ ಅಮ್ಮ ಬೇಳೆ ತುಂಬಿದರೆ ಅದು 'ರೀಯೂಸ್'. ಅದೇ ಬಾಟಲಿ ಗುಜರಿಗೆ ಹೋಗಿ ಕರಗಿ ಬೇರೊಂದು ಗಾಜಿನ ಸಾಮಾನಾಗಿ ಬಂದರೆ ಅದು 'ರೀಸೈಕಲ್'. ಹಾಗೆಯೇ 'ಉಳಿಸು': ದುಡ್ಡು, ಸಮಯ, ಜೀವ ಉಳಿಸುವುದಕ್ಕೆ 'ಸೇವ್' ಸಾಕು, ನೀರು, ಮಣ್ಣು, ಕಾಡನ್ನು ಹಿತಮಿತವಾಗಿ ಬಳಸುತ್ತ ಕಾಪಾಡುವುದಕ್ಕೆ 'ಕನ್ಸರ್ವ್', ಮುಟ್ಟದೆ ಇದ್ದ ಹಾಗೆಯೇ ಕಾಯ್ದಿಡುವುದಕ್ಕೆ 'ಪ್ರಿಸರ್ವ್'. ಜಗಳೂರಿನವರಾದ ನಿಮಗೆ ಹತ್ತಿರದ ಉದಾಹರಣೆ ಹೇಳುವುದಾದರೆ, ಕೆರೆ ನೀರನ್ನು 'ಕನ್ಸರ್ವ್' ಮಾಡುತ್ತೀರಿ. ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮದ ಒಳಭಾಗವನ್ನು ಕೈ ಹಾಕದೆ ಬಿಡಬೇಕೆಂದು ವಾದಿಸುವವರು 'ಪ್ರಿಸರ್ವ್' ಎನ್ನುತ್ತಾರೆ. ಕೊಂಡುಕುರಿಗೆ ಇಂಗ್ಲಿಷಿನಲ್ಲಿ ನಾಲ್ಕು ಕೊಂಬಿನ ಜಿಂಕೆ ಎಂಬರ್ಥದ ಉದ್ದ ಹೆಸರಿದೆ. ನಮ್ಮದೇ ಚಿಕ್ಕದು, ಚೊಕ್ಕದು.

ವ್ಯಾಕರಣದ ಮಾತು ಒಂದೇ ಹೇಳುತ್ತೇನೆ. 'ಪೊಲ್ಯೂಷನ್', 'ವೇಸ್ಟ್', 'ಗ್ರೌಂಡ್‌ವಾಟರ್', 'ರೇನ್‌ಫಾಲ್' ಇವು ಎಣಿಸಲಾಗದವು. ಇವುಗಳ ತುದಿಗೆ 'ಸ್' ಅಂಟಿಸಬೇಡಿ. 'ರಿಸೋರ್ಸಸ್', 'ಎಮಿಷನ್ಸ್' ಸಾಮಾನ್ಯವಾಗಿ ಬಹುವಚನದಲ್ಲಿಯೇ ಬರುತ್ತವೆ. ಇದರ ಕಾರಣ ಹುಡುಕುತ್ತ ಕೂರುವುದಕ್ಕಿಂತ ಕಿವಿಗೆ ರೂಢಿ ಮಾಡಿಸುವುದು ಮೇಲು.

ಉತ್ತರ: ದಾವಣಗೆರೆಯ ವಿದ್ಯಾರ್ಥಿ

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆಂದು ತಿಳಿಯಬಾರದು. ಮೊಬೈಲಿನಲ್ಲಿ ಕನ್ನಡದಲ್ಲಿ ಮಾತನಾಡಿದರೆ ತಕ್ಷಣ ಇಂಗ್ಲಿಷಿನಲ್ಲಿ ಹೇಳುವ ಅನುವಾದದ ಆ್ಯಪ್‌ಗಳು ಈಗ ಇರುವಾಗ, ಇಷ್ಟೆಲ್ಲ ಪದಗಳನ್ನು ತಲೆಯಲ್ಲಿ ಹೊರುವ ಅಗತ್ಯವಿದೆಯೇ ಎಂಬುದು ನನ್ನ ಸಂದೇಹ.

ಪ್ರತಿಕ್ರಿಯೆ: ಜಗಳೂರು ಸೀಮೆಯವಳು

ಅದನ್ನೂ ಮಾಡಿ ನೋಡಿದ್ದೇನೆ. ನಮ್ಮ ಕೆರೆ ಕೋಡಿ ಬಿದ್ದಿತು ಎಂಬ ಸಂತೋಷದ ಸುದ್ದಿಯನ್ನು ಅದರ ಕೈಗೆ ಕೊಟ್ಟಾಗ, ಕೆರೆ ಕುಸಿದು ಬಿದ್ದಿತು ಎಂಬರ್ಥದ ಇಂಗ್ಲಿಷ್ ವಾಕ್ಯ ಬಂತು. ಕಳುಹಿಸುವ ಮೊದಲು ನಮ್ಮ ಕಚೇರಿಯ ಅಕ್ಕ ಓದಿ ತಡೆಯದೆ ಇದ್ದಿದ್ದರೆ, ಹಣ ಕೊಟ್ಟವರು ಗಾಬರಿಯಿಂದ ಫೋನ್ ಮಾಡುತ್ತಿದ್ದರು. ಸರಿಯೋ ತಪ್ಪೋ ಎಂದು ನೋಡಿ ಹೇಳುವಷ್ಟಾದರೂ ಪದಗಳು ನನ್ನ ತಲೆಯಲ್ಲಿರಬೇಕೆಂದು ಅಂದೇ ಅನ್ನಿಸಿತು.

ಉತ್ತರ: ಹಿರಿಯೂರಿನ ನೀರಾವರಿ ಇಂಜಿನಿಯರ್

ಉಪನ್ಯಾಸಕರು ಬರೆದದ್ದನ್ನು ಬಹುಪಾಲು ಒಪ್ಪುತ್ತೇನೆ. ಒಂದೆರಡು ಕಡೆ ಮಾತ್ರ ಇಲಾಖೆಯ ಅನುಭವದಿಂದ ತಿದ್ದುಪಡಿ ಸೂಚಿಸುತ್ತೇನೆ. 'ವೇಸ್ಟ್ ವಿಯರ್' ಎಂಬುದು ನಮ್ಮ ಕಡತಗಳ ಭಾಷೆ. ಹೊರದೇಶದವರ ಮುಂದೆ 'ವೇಸ್ಟ್' ಎಂದೊಡನೆ ಕಸದ ಚಿತ್ರ ಬರುತ್ತದೆ, ಆದ್ದರಿಂದ 'ಸ್ಪಿಲ್‌ವೇ' ಎನ್ನುವುದು ಸುರಕ್ಷಿತ. 'ಕೆರೆ ಕೋಡಿ ಬಿತ್ತು' ಎನ್ನಲು ನಮ್ಮ ಹಳೆಯ ಇಂಜಿನಿಯರುಗಳು 'ದಿ ಟ್ಯಾಂಕ್ ಸರ್‌ಪ್ಲಸ್ಡ್' ಎಂದು ಬರೆಯುತ್ತಿದ್ದರು. ಅದು ಇಲಾಖೆಯ ಗೋಡೆ ದಾಟಿದರೆ ಯಾರಿಗೂ ಅರ್ಥವಾಗುವುದಿಲ್ಲ. 'ಓವರ್‌ಫ್ಲೋಡ್' ಎಂದರೆ ಸಾಕು. ಹಾಗೆಯೇ 'ಬೋರ್‌ವೆಲ್' ನಮ್ಮ ದೇಶದ ಇಂಗ್ಲಿಷ್. ಆಫ್ರಿಕದಿಂದಲೋ ಬ್ರಿಟನ್ನಿನಿಂದಲೋ ಬಂದವರು 'ಬೋರ್‌ಹೋಲ್' ಎನ್ನುತ್ತಾರೆ. 'ಏತ ನೀರಾವರಿ' ಎಂಬುದು 'ಲಿಫ್ಟ್ ಇರಿಗೇಷನ್'; ನಿಮ್ಮ ತಾಲ್ಲೂಕಿಗೆ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಯನ್ನು ವಿವರಿಸುವಾಗ ಇದು ಬೇಕೇ ಬೇಕು.

'ವಾಟರ್‌ಷೆಡ್' ವಿಚಾರದಲ್ಲಿ ವಿಶೇಷ ಎಚ್ಚರ ವಹಿಸಬೇಕು. ಬ್ರಿಟಿಷ್ ರೂಢಿಯಲ್ಲಿ ಅದು ಎರಡು ಕಣಿವೆಗಳ ನೀರನ್ನು ಬೇರ್ಪಡಿಸುವ ದಿಣ್ಣೆಯ ನೆತ್ತಿಗೆರೆ. ಅಮೆರಿಕದ ರೂಢಿಯಲ್ಲಿ ಆ ಗೆರೆಯೊಳಗಿನ ಇಡೀ ಪ್ರದೇಶ. ನಮ್ಮ ಜಲಾನಯನ ಇಲಾಖೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಎರಡನೆಯ ಅರ್ಥದಲ್ಲಿ ಬಳಸುತ್ತದೆ. ಎದುರಿನವರು ಯಾವ ಕಡೆಯವರೆಂದು ತಿಳಿಯದಿದ್ದರೆ 'ಕ್ಯಾಚ್‌ಮೆಂಟ್' ಎಂದು ಹೇಳಿ, ತಪ್ಪುವ ಭಯವಿಲ್ಲ. ಅದು ಕೆರೆಗೆ ನೀರು ಕೊಡುವ ನೆಲ. ಕೆರೆಯಿಂದ ನೀರು ಪಡೆಯುವ ನೆಲ 'ಕಮಾಂಡ್ ಏರಿಯಾ', ಅಂದರೆ ಅಚ್ಚುಕಟ್ಟು. ಇವೆರಡನ್ನು ಅದಲುಬದಲು ಮಾಡುವವರನ್ನು ಸಭೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಭದ್ರಾ ನಾಲೆಯ ಮೊದಲಿನ ರೈತರು 'ಹೆಡ್ ರೀಚ್'ನವರು, ದಾವಣಗೆರೆ ಕಡೆಯ ಕೊನೆಯಂಚಿನವರು 'ಟೇಲ್ ಎಂಡ್'ನವರು. ಈ ಎರಡು ಪದಗಳನ್ನು ಮಾತ್ರ ನಮ್ಮ ರೈತರೇ ಇಂಗ್ಲಿಷಿನಲ್ಲಿ ಹೇಳುತ್ತಾರೆ, ನೀರಿಗಾಗಿ ಜಗಳವಾಡಿ ಕಲಿತ ಪದಗಳವು.

ನಿಜವಾಗಿ ಮಾತು ತಡವರಿಸುವುದು ಅಳತೆಗಳಲ್ಲಿ. 'ಟಿಎಂಸಿ' ಎಂದರೆ ನೂರು ಕೋಟಿ ಘನ ಅಡಿ, ಹೆಚ್ಚುಕಡಿಮೆ 2,832 ಕೋಟಿ ಲೀಟರ್. ಹೊರಗಿನವರಿಗೆ ಟಿಎಂಸಿಯೂ ಗೊತ್ತಿಲ್ಲ, ಕೋಟಿಯೂ ಗೊತ್ತಿಲ್ಲ, ಅವರಿಗೆ 28.3 'ಮಿಲಿಯನ್ ಕ್ಯೂಬಿಕ್ ಮೀಟರ್ಸ್' ಎಂದು ಹೇಳಬೇಕು. 'ಕ್ಯೂಸೆಕ್' ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್, ಸುಮಾರು 11,574 ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ ಒಂದು ಟಿಎಂಸಿ. ನಿಮ್ಮ ಕೆರೆಗೆ ಇದಕ್ಕಿಂತ ಉಪಯುಕ್ತವಾದ ಲೆಕ್ಕ ಬೇರೆ ಇದೆ: ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್ ನೀರು. ಇದನ್ನು ಇಂಗ್ಲಿಷಿನಲ್ಲಿ ಒಂದೇ ವಾಕ್ಯದಲ್ಲಿ ಹೇಳಲು ಕಲಿತರೆ ಅತಿಥಿಗಳು ಪುಸ್ತಕ ತೆಗೆದು ಬರೆದುಕೊಳ್ಳುತ್ತಾರೆ.

ಅಭ್ಯಾಸಕ್ಕೆ ನಮ್ಮ ವಾಣಿವಿಲಾಸ ಸಾಗರದ ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ. ವೇದಾವತಿಗೆ ಮಾರಿಕಣಿವೆಯಲ್ಲಿ 1897ರಲ್ಲಿ ಕಟ್ಟಲು ತೊಡಗಿ 1907ರಲ್ಲಿ ಮುಗಿಸಿದ ಅಣೆಕಟ್ಟು. 130 ಅಡಿಯ ಪೂರ್ಣಮಟ್ಟ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಇದರಲ್ಲಿ 'ರೆಸರ್‌ವಾರ್', 'ಇನ್‌ಫ್ಲೋ', 'ಫುಲ್ ರೆಸರ್‌ವಾರ್ ಲೆವೆಲ್', 'ಸ್ಟೋರೇಜ್' ಎಲ್ಲವೂ ತಾವಾಗಿಯೇ ಬರುತ್ತವೆ.

ಕಡೆಯದಾಗಿ, ಅಂತರ್ಜಲದ ವರದಿಗಳಲ್ಲಿ 'ಸೇಫ್', 'ಸೆಮಿ ಕ್ರಿಟಿಕಲ್', 'ಕ್ರಿಟಿಕಲ್', 'ಓವರ್ ಎಕ್ಸ್‌ಪ್ಲಾಯಿಟೆಡ್' ಎಂಬ ಮಾತುಗಳನ್ನು ಸಾಮಾನ್ಯ ವಿಶೇಷಣಗಳೆಂದು ಓದಬೇಡಿ. ವರ್ಷಕ್ಕೆ ಬಳಸಬಹುದಾದ ನೀರಿನಲ್ಲಿ ನೂರಕ್ಕೆ 70ರವರೆಗೆ ಎತ್ತಿದರೆ ಮೊದಲನೆಯದು, 90ರವರೆಗೆ ಎರಡನೆಯದು, 100ರವರೆಗೆ ಮೂರನೆಯದು, 100 ದಾಟಿದರೆ ನಾಲ್ಕನೆಯದು. ಮಾತಿನ ಭರದಲ್ಲಿ ನಮ್ಮ ತಾಲ್ಲೂಕು 'ಕ್ರಿಟಿಕಲ್' ಎಂದುಬಿಟ್ಟರೆ ಅದು ಅಂಕಿಅಂಶದ ಹೇಳಿಕೆಯಾಗುತ್ತದೆ.

ಉತ್ತರ: ಮೊಳಕಾಲ್ಮೂರಿನ ಆರೋಗ್ಯ ಕಾರ್ಯಕರ್ತೆ

ಒಂದು ಸಣ್ಣ ಸೇರ್ಪಡೆ. ನಮ್ಮ ಕಡೆಯ ಬೋರಿನ ನೀರಿನಲ್ಲಿರುವ ಫ್ಲೋರೈಡ್ ಬಗ್ಗೆ ಹೇಳುವಾಗ ನಾನು ಬಹಳ ದಿನ 'ಪೊಲ್ಯೂಟೆಡ್ ವಾಟರ್' ಎನ್ನುತ್ತಿದ್ದೆ. ಯಾವ ಕಾರ್ಖಾನೆಯಿಂದ ಬರುತ್ತಿದೆ ಎಂದು ಒಬ್ಬ ವೈದ್ಯರು ಕೇಳಿದಾಗಲೇ ನನಗೆ ತಪ್ಪು ತಿಳಿದದ್ದು. ಇಲ್ಲಿ ಫ್ಲೋರೈಡ್ ಬರುವುದು ನೆಲದೊಳಗಿನ ಕಲ್ಲಿನಿಂದ, ಮನುಷ್ಯರು ಸುರಿದದ್ದಲ್ಲ. ಹಾಗಾಗಿ 'ಕಂಟ್ಯಾಮಿನೇಟೆಡ್ ವಿತ್ ಫ್ಲೋರೈಡ್' ಎನ್ನುವುದು ಸರಿ. ಕುಡಿಯಲು ಯೋಗ್ಯವಾದ ನೀರಿಗೆ 'ಪೋಟಬಲ್' ಎನ್ನುತ್ತಾರೆ, ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇದ್ದರೆ ಆ ಪದ ಸಲ್ಲದು. ಚರಂಡಿಯ ಕೊಳಕು ನೀರು 'ಸೂಯೇಜ್', ಅದನ್ನು ಸಾಗಿಸುವ ಕೊಳವೆಗಳ ಏರ್ಪಾಡು 'ಸೂಯರೇಜ್'. ಪಂಚಾಯಿತಿಯ ಇಂಗ್ಲಿಷ್ ಫಲಕಗಳಲ್ಲಿಯೂ ಇವೆರಡು ಬೆರೆತುಹೋಗಿವೆ.

ಉತ್ತರ: ಚಳ್ಳಕೆರೆಯ ಸಂಶೋಧನಾ ವಿದ್ಯಾರ್ಥಿ

ಎಲ್ಲರೂ ಇಂಗ್ಲಿಷ್ ಪದಗಳನ್ನು ಹೇಗೆ ಕಲಿಯಬೇಕೆಂದು ಬರೆದಿದ್ದಾರೆ. ಯಾವ ಪದವನ್ನು ಕಲಿತರೂ ಬಳಸಬಾರದು ಎಂಬುದನ್ನು ನಾನು ಬರೆಯಲು ಬಯಸುತ್ತೇನೆ, ಏಕೆಂದರೆ ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ನನಗೆ ಅದರ ಬಿಸಿ ತಟ್ಟಿದೆ.

ಆ ಪದ 'ವೇಸ್ಟ್‌ಲ್ಯಾಂಡ್'. ಮರವಿಲ್ಲದ, ಉಳದ, ಹುಲ್ಲಷ್ಟೇ ಬೆಳೆಯುವ ನೆಲವನ್ನು ಇಂಗ್ಲಿಷ್ ಕಡತಗಳು ಈ ಹೆಸರಿನಿಂದ ಕರೆದವು, ಕನ್ನಡ ಕಡತಗಳು ಅದನ್ನು 'ಬಂಜರು', 'ಪಾಳು' ಎಂದು ಅನುವಾದಿಸಿದವು. ನಮ್ಮ ಭಾಗದ ಅಮೃತಮಹಲ್ ಕಾವಲುಗಳನ್ನು ನೋಡಿ. ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದು ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ 'ಅಮೃತಮಹಲ್' ಎಂಬ ಹೆಸರು ಪಡೆದ ರಾಸುಗಳ ಮೇವಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳಿವು. ದನ ಕುರಿಗಳು ಮೇಯುತ್ತವೆ, ಹೆಂಗಸರು ಪೊರಕೆ ಕಡ್ಡಿ ತರುತ್ತಾರೆ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳು ಬದುಕುತ್ತವೆ. ಇಂಥ ಸಾವಿರಾರು ಎಕರೆ ಕಾವಲನ್ನು ಚಳ್ಳಕೆರೆ ತಾಲ್ಲೂಕಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿದಾಗ ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಆ ಯೋಜನೆಗಳು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ಬೇಡ. ಆದರೆ ನಾನು ಗಮನಿಸಿದ್ದೆಂದರೆ, 'ವೇಸ್ಟ್‌ಲ್ಯಾಂಡ್' ಎಂದು ಹೇಳಿದವರಿಗೆ ಯಾವ ಪ್ರಶ್ನೆಯೂ ಹುಟ್ಟಲಿಲ್ಲ. 'ಗ್ರಾಸ್‌ಲ್ಯಾಂಡ್' ಎಂದು ಹೇಳಿದವರಿಗೆ ಅಲ್ಲಿ ಏನು ಬದುಕುತ್ತದೆ ಎಂದು ಕೇಳಬೇಕೆನ್ನಿಸಿತು. 'ಕಾಮನ್ಸ್' ಎಂದವರಿಗೆ ಅದು ಯಾರೆಲ್ಲರದು ಎಂದು ಕೇಳಬೇಕೆನ್ನಿಸಿತು.

ಆದ್ದರಿಂದ ಗೋಮಾಳವನ್ನು 'ಗ್ರೇಜಿಂಗ್ ಲ್ಯಾಂಡ್' ಅಥವಾ 'ವಿಲೇಜ್ ಕಾಮನ್ಸ್' ಎನ್ನಿ. ಕಾವಲನ್ನು 'ಗ್ರಾಸ್‌ಲ್ಯಾಂಡ್' ಎನ್ನಿ. ಗಿಡ ನೆಡುವವರು ಬಂದು ಇಲ್ಲಿ ಏನೂ ಇಲ್ಲವಲ್ಲ ಎಂದಾಗ, ಹುಲ್ಲೂ ಒಂದು 'ಎಕೋಸಿಸ್ಟಂ' ಎಂದು ಹೇಳಿ. 1935ರಲ್ಲಿ ಆರ್ಥರ್ ಟ್ಯಾನ್ಸ್‌ಲಿ ಎಂಬ ಸಸ್ಯವಿಜ್ಞಾನಿ ಈ ಪದವನ್ನು ಬಳಕೆಗೆ ತಂದದ್ದು ಜೀವಿಗಳನ್ನೂ ಅವು ನಿಂತ ನೆಲ, ನೀರು, ಗಾಳಿಯನ್ನೂ ಒಟ್ಟಾಗಿ ನೋಡಲು. ನಿಮ್ಮ ಕೆರೆಯಂಗಳದ ಬಳ್ಳಾರಿ ಜಾಲಿ ಹೊರಗಿನಿಂದ ಬಂದದ್ದಾದ್ದರಿಂದ 'ಎಕ್ಸಾಟಿಕ್', ಬೇರೆ ಗಿಡಗಳನ್ನು ಹಿಂದಕ್ಕೆ ತಳ್ಳಿ ಹಬ್ಬುವುದರಿಂದ 'ಇನ್‌ವೇಸಿವ್'. ಹೊರಗಿನಿಂದ ಬಂದದ್ದೆಲ್ಲವೂ ಹಬ್ಬುವುದಿಲ್ಲ, ಹುಣಸೆಯೂ ಹೊರಗಿನದೇ. ಜಾಲಿಯ ಇದ್ದಿಲಿನಿಂದ ಬದುಕುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ, ಇಲ್ಲವಾದರೆ ಮಾತು ಅರ್ಧವಾಗುತ್ತದೆ.

ಪ್ರತಿಕ್ರಿಯೆ: ಜಗಳೂರು ಸೀಮೆಯವಳು

ಇಷ್ಟು ಜನ ಇಷ್ಟು ವಿಸ್ತಾರವಾಗಿ ಬರೆಯುವಿರೆಂದು ನಿರೀಕ್ಷಿಸಿರಲಿಲ್ಲ; ಎಲ್ಲರಿಗೂ ಋಣಿ. ಉಪನ್ಯಾಸಕರು ಹೇಳಿದಂತೆ ನಿನ್ನೆ ಸಂಜೆ ಗುಡ್ಡದಿಂದ ತೂಬಿನವರೆಗೆ ನಡೆದು, ದಾರಿಯುದ್ದಕ್ಕೂ ಮೊಬೈಲಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ ಧ್ವನಿಮುದ್ರಿಸಿಕೊಂಡೆ. ಕುರಿ ಕಾಯುತ್ತಿದ್ದ ಅಜ್ಜನೊಬ್ಬ ನನಗೆ ಗಾಳಿ ಹಿಡಿದಿದೆಯೆಂದು ತಿಳಿದಿರಬೇಕು. ಅದರಲ್ಲಿ ಮೂರು ವಾಕ್ಯಗಳನ್ನು ಇಲ್ಲಿ ಹಾಕುತ್ತೇನೆ, ತಿದ್ದಿಕೊಡಿ. 'ಅವರ್ ಟ್ಯಾಂಕ್ ಈಸ್ ಸಿಲ್ಟ್.' 'ಫಾರ್ಮರ್ಸ್ ಆರ್ ಟೇಕಿಂಗ್ ಗ್ರೌಂಡ್‌ವಾಟರ್ಸ್ ಟೂ ಮಚ್.' 'ವಿ ಶುಡ್ ನಾಟ್ ವೇಸ್ಟ್‌ವಾಟರ್.' ಇನ್ನೂ ಒಂದು ಸಂದೇಹ ಉಳಿದಿದೆ. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ನಿರ್ಧರಿಸಿ ಬಿಡುವ ನಮ್ಮೂರ ನೀರಗಂಟಿಗೆ ಇಂಗ್ಲಿಷಿನಲ್ಲಿ ಏನೆನ್ನಬೇಕು? 'ವಾಟರ್‌ಮ್ಯಾನ್' ಎಂದರೆ ನಲ್ಲಿ ಬಿಡುವವನೆಂದು ತಿಳಿಯುತ್ತಾರೆ.

ಉತ್ತರ: ದುರ್ಗದ ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ಮೊದಲನೆಯದು 'ಅವರ್ ಟ್ಯಾಂಕ್ ಹ್ಯಾಸ್ ಸಿಲ್ಟೆಡ್ ಅಪ್' ಎಂದಾಗಬೇಕು. 'ಸಿಲ್ಟ್ ಅಪ್' ಎಂಬುದು ಕ್ರಿಯಾಪದ, ಹೂಳು ತುಂಬುವುದು. ನೀವು ಹೇಳಿದಂತೆ ಹೇಳಿದರೆ ಕೆರೆಯೇ ಹೂಳು ಎಂದಾಗುತ್ತದೆ, ಕೆಲವು ಕೆರೆಗಳ ಮಟ್ಟಿಗೆ ಅದೂ ನಿಜವೇ ಇರಬಹುದು. ಎರಡನೆಯದರಲ್ಲಿ ನಾನು ಎಚ್ಚರಿಸಿದ 'ಸ್' ಮತ್ತೆ ಅಂಟಿಕೊಂಡಿದೆ, ಜೊತೆಗೆ 'ಟೂ ಮಚ್' ತನ್ನ ಜಾಗ ಬಿಟ್ಟು ಕನ್ನಡದ ಕ್ರಮದಲ್ಲಿ ಬಂದು ಕುಳಿತಿದೆ. 'ಫಾರ್ಮರ್ಸ್ ಆರ್ ಪಂಪಿಂಗ್ ಟೂ ಮಚ್ ಗ್ರೌಂಡ್‌ವಾಟರ್' ಎನ್ನಿ. ನೀರನ್ನು ತೆಗೆಯುವುದಕ್ಕೆ 'ಟೇಕ್' ತಪ್ಪಲ್ಲ, ಆದರೆ 'ಪಂಪ್', 'ಡ್ರಾ', 'ಎಕ್ಸ್‌ಟ್ರ್ಯಾಕ್ಟ್' ಇವು ಆ ನಾಮಪದದ ಹಳೆಯ ಸ್ನೇಹಿತರು. ಪದವನ್ನು ಒಂಟಿಯಾಗಿ ಕಲಿಯಬೇಡಿ, ಅದರ ಜೊತೆಗಾರನನ್ನೂ ಕರೆದುಕೊಂಡು ಬನ್ನಿ ಎಂದು ನಾನು ತರಗತಿಯಲ್ಲಿ ಹೇಳುತ್ತಿದ್ದದ್ದು ಇದಕ್ಕೇ.

ಮೂರನೆಯದರಲ್ಲಿ ತಪ್ಪು ಇರುವುದು ನಡುವಿನ ಬಿಡುವಿನಲ್ಲಿ. 'ವೇಸ್ಟ್' ಮತ್ತು 'ವಾಟರ್' ಎಂದು ಬಿಡಿಸಿ ಹೇಳಿದರೆ ನೀರನ್ನು ಪೋಲು ಮಾಡುವುದು. ಕೂಡಿಸಿ, ಮೊದಲ ಭಾಗಕ್ಕೆ ಒತ್ತು ಕೊಟ್ಟು ಹೇಳಿದರೆ ಬಚ್ಚಲು, ಕಾರ್ಖಾನೆಗಳಿಂದ ಬರುವ ಕೊಳಕು ನೀರು. ನೀವು ಬರೆದದ್ದು ಎರಡನೆಯದು. ದಿನಕ್ಕೆ ಹತ್ತು ಸಲ ಎರಡನ್ನೂ ಗಟ್ಟಿಯಾಗಿ ಹೇಳಿಕೊಳ್ಳಿ, ಅಜ್ಜ ಏನು ಬೇಕಾದರೂ ತಿಳಿಯಲಿ.

ನೀರಗಂಟಿಗೆ ಅನುವಾದ ಹುಡುಕಬೇಡಿ. 'ನೀರಗಂಟಿ' ಎಂದೇ ಹೇಳಿ, ತಕ್ಷಣ 'ದಿ ಪರ್ಸನ್ ಹೂ ಓಪನ್ಸ್ ದಿ ಸ್ಲೂಸ್ ಆ್ಯಂಡ್ ಷೇರ್ಸ್ ಔಟ್ ದಿ ವಾಟರ್' ಎಂದು ಸೇರಿಸಿ. ಎರಡನೆಯ ಸಲದಿಂದ ಆ ವಿವರಣೆಯೂ ಬೇಕಾಗುವುದಿಲ್ಲ.

ಉತ್ತರ: ಹಿರಿಯೂರಿನ ನೀರಾವರಿ ಇಂಜಿನಿಯರ್

ಇದನ್ನು ಅನುಮೋದಿಸುತ್ತೇನೆ. 19ನೆಯ ಶತಮಾನದ ಮೈಸೂರು ಗೆಜೆಟಿಯರನ್ನು ಇಂಗ್ಲಿಷಿನಲ್ಲಿ ಬರೆದ ಲೂಯಿ ರೈಸ್ ಅವರೂ ಊರಿನ ಆಯಗಾರರ, ಅಂದರೆ ಊರ ಕೆಲಸ ಮಾಡಿ ಬೆಳೆಯಲ್ಲಿ ಪಾಲು ಪಡೆಯುತ್ತಿದ್ದವರ, ಪಟ್ಟಿಯಲ್ಲಿ ನೀರಗಂಟಿಯನ್ನು ನೀರಗಂಟಿ ಎಂದೇ ಉಳಿಸಿಕೊಂಡಿದ್ದಾರೆ. ಮುಂದಿನ ಸಲ ಅತಿಥಿಗಳು ಬಂದಾಗ ಸಾಧ್ಯವಾದರೆ ಅವರನ್ನು ನೇರವಾಗಿ ತೂಬಿನ ಹತ್ತಿರ ಕರೆದುಕೊಂಡು ಹೋಗಿ, ನಿಮ್ಮ ನೀರಗಂಟಿಯ ಕೈಯಿಂದಲೇ ಅದನ್ನು ಎತ್ತಿಸಿ ತೋರಿಸಿ. ಓವರ್‌ಹೆಡ್ ಟ್ಯಾಂಕಿಗೆ ಮಾತ್ರ ಬೆನ್ನು ಮಾಡಿ ನಿಲ್ಲುವುದು ಒಳ್ಳೆಯದು.